ಅವತ್ತು ಎತ್ತಿದ ಕೈ

ಗಿರಣಿಯ ಗೇಟಿನಲ್ಲಿ ಮೈಕಿಲ್ಲದೆ ಎರಡು ಸಾವಿರ ಜನಕ್ಕೆ ಕೇಳಿಸುವಂತೆ ಕೂಗುತ್ತಿದ್ದುದರಿಂದ ಅವನಿಗೆ ಮೈಕಣ್ಣ ಎಂಬ ಹೆಸರು ಬಿದ್ದಿತ್ತು. ಸಂಘದ ಮುಖಂಡನಾಗಿ ಹದಿನೆಂಟು ವರ್ಷ, ಶಾಸಕನಾಗಿ ಐದು ವರ್ಷ; ಆಮೇಲೆ ಚುನಾವಣೆಯಲ್ಲಿ ಸೋತು ಸುಣ್ಣವಾಗಿ, ಈಗ ಪುರಸಭೆಯ ಅಧ್ಯಕ್ಷ. ಮೆಟ್ಟಿಲಿಳಿದು ಬಂದನೆಂದು ಜನ ಆಡಿಕೊಂಡರು. ಅವನು ತಲೆಕೆಡಿಸಿಕೊಳ್ಳಲಿಲ್ಲ. ಗುತ್ತಿಗೆಯ ಮೇಲಿದ್ದ ನಲವತ್ತು ಪೌರಕಾರ್ಮಿಕರನ್ನು ಕಾಯಂ ಮಾಡುತ್ತೇನೆಂದು ಮಾತು ಕೊಟ್ಟಿದ್ದ. ಅದೊಂದು ಆದರೆ ಸಾಕಿತ್ತು. ಆ ನಲವತ್ತರಲ್ಲಿ ಅವನ ಸ್ವಂತ ತಂಗಿಯೂ ಇದ್ದಳು. ಅವರ ಸಂಘದ ಮುಂದಾಳು ಅವಳೇ.

ಕಡತ ಮೂರು ಸಲ ಮೇಲಿನ ಕಚೇರಿಗೆ ಹೋಯಿತು, ಮೂರು ಸಲವೂ ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸು ಬಂತು. ಮೈಕಣ್ಣ ಮೇಜು ಗುದ್ದಿದ.

“ಯಾವ ಕತ್ತೆ ಮಾಡಿದ ಕಾನೂನ್ರೀ ಇದು?”

ಮುಖ್ಯಾಧಿಕಾರಿ ಕನ್ನಡಕ ಸರಿಮಾಡಿಕೊಂಡ. “ಗುಡಿಸೋ ಕೆಲಸಕ್ಕೆ ಯಾರನ್ನೂ ಕಾಯಂ ಮಾಡಬಾರದು ಅಂತ ಏಳು ವರ್ಷದ ಹಿಂದೆ ಪಾಸಾಗಿದ್ದು ಸಾರ್. ಆಗ ನೀವೇ ಶಾಸಕರು. ಒಬ್ಬರೂ ವಿರೋಧ ಮಾಡಿಲ್ಲ.”

ಮಸೂದೆ ಪಾಸಾದ ಆ ಮಧ್ಯಾಹ್ನ ಅವನಿಗೆ ನೆನಪಾಯಿತು. ಗಿರಣಿಯ ಸಂಘದಲ್ಲೊಂದು ಕಟ್ಟಳೆಯಿತ್ತು: ಮುಂದಿನ ಸಾಲು ಕೈ ಎತ್ತಿದರೆ ಹಿಂದಿನವರೆಲ್ಲ ಎತ್ತಬೇಕು, ಎತ್ತದವನು ಮಾಲೀಕನ ಚೇಲಾ. ಕಟ್ಟಳೆ ಮಾಡಿದವನೂ ಅವನೇ. ಶಾಸನಸಭೆಯಲ್ಲೂ ಮುಂದಿನ ಸಾಲು ಎತ್ತಿತು, ಅವನೂ ಎತ್ತಿದ. ಮಸೂದೆಯ ಕಾಗದ ಮಡಿಕೆ ಬಿಚ್ಚದೆ ಜೇಬಿನಲ್ಲೇ ಇತ್ತು. ಥೂ ಎನ್ನಿಸಿತು. ಬೈಯೋಣವೆಂದರೆ ಬೇರೆ ಯಾರೂ ಸಿಗಲಿಲ್ಲ.

ತಂಗಿ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಬಂದಳು. ಅವನು ಏನನ್ನೂ ಮುಚ್ಚಿಡದೆ ಹೇಳಿದ.

“ಓದ್ಲಿಲ್ವಾ ಅಣ್ಣಾ?”

“ಎಲ್ಲರೂ ಎತ್ತಿದ್ರು ಕಣೆ.”

“ಎಲ್ಲರೂ ಹಾಳುಬಾವಿಗೆ ಬಿದ್ರೆ ನೀನೂ ಬೀಳ್ತೀಯಾ?” ಅವಳ ಕಣ್ಣು ತುಂಬಿತು. “ಹನ್ನೊಂದು ವರ್ಷದಿಂದ ಊರು ಗುಡಿಸ್ತಿದೀನಿ. ನಮ್ಮಣ್ಣ ಬಂದ, ಇನ್ನೇನು ಆಗೇಹೋಯ್ತು ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೆ.”

ಅವಳು ಹೊರಗೆ ಹೋಗಿ ಜೊತೆಯವರನ್ನೆಲ್ಲ ಮೆಟ್ಟಿಲ ಬಳಿ ಕರೆದಳು. ಅಲ್ಲೇ ಚೀಟಿಯೊಂದರಲ್ಲಿ ಎರಡು ಸಾಲಿನ ನಿರ್ಣಯ ಗೀಚಿ, ಎರಡು ಸಲ ಜೋರಾಗಿ ಓದಿದಳು. ನಾಳೆಯಿಂದ ಕೆಲಸ ಬಂದ್. ಅಧ್ಯಕ್ಷರು ರಾಜೀನಾಮೆ ಕೊಡಬೇಕು.

“ಅರ್ಥ ಆಗ್ಲಿಲ್ಲ ಅಂದ್ರೆ ಕೇಳಿ. ಬೇಡ ಅನ್ನೋರು ಮೊದಲು ಮಾತಾಡಿ, ಯಾರೂ ಬೈಯಲ್ಲ.”

ಮುದುಕಿಯೊಬ್ಬಳು ಏನೋ ಕೇಳಿದಳು. ತಂಗಿ ಸಮಾಧಾನದಿಂದ ಹೇಳಿದಳು. ಆಮೇಲೆ ಕೈಗಳು ಮೇಲೆದ್ದವು.

ಬಾಗಿಲಲ್ಲಿ ನಿಂತಿದ್ದ ಮೈಕಣ್ಣ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದ. ಒಂದೂ ಸುಳ್ಳಿರಲಿಲ್ಲ. ಈ ಸಲ ಯೋಚನೆ ಮಾಡಿಯೇ ಅವನೂ ಕೈ ಎತ್ತಿದ.

ತಂಗಿ ಎಣಿಸುತ್ತ ಬಂದಳು, ತನ್ನದನ್ನೂ ಸೇರಿಸಿ ನಲವತ್ತಕ್ಕೆ ನಿಲ್ಲಿಸಿದಳು.

“ಕೈ ಇಳಿಸಣ್ಣಾ,” ಎಂದಳು. “ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ.”