ಎಂಬತ್ತು ಅಡಿ ಸರಪಳಿ

ಮೂಲೆಯಲ್ಲಿ ಕಾಫಿಯ ಹಂಡೆ ಗೊರಗೊರ ಎನ್ನುತ್ತಿದೆ, ಉಬ್ಬಸ ಹತ್ತಿದ ಮುದುಕನ ಎದೆಯ ಹಾಗೆ, ಯಾರೂ ಎದ್ದು ಅದನ್ನು ಆರಿಸುವುದಿಲ್ಲ, ಈ ಕೌಂಟಿಯಲ್ಲಿ ಯಾರೂ ಎದ್ದು ಯಾವುದನ್ನೂ ಮಾಡುವುದಿಲ್ಲ, ಕೂತು ನೋಡುತ್ತಾರೆ, ತಾನಾಗಿ ಕೆಟ್ಟುಹೋಗಲಿ ಎಂದು ಕಾಯುತ್ತಾರೆ, ಕೆಟ್ಟ ಮೇಲೆ ಛೇ ಛೇ ಎನ್ನುತ್ತಾರೆ — ಥಿಯಾ ಮಡಿಲಲ್ಲಿದ್ದ ವರದಿಯ ಮೂಲೆಯನ್ನು ಉಗುರಿನಿಂದ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಹನ್ನೊಂದು ಪುಟ, ಕೌಂಟಿಯ ಹಳೆಯ ಕಬ್ಬಿಣದ ಸೇತುವೆಗಳು ಒಂಬತ್ತು, ಬರೆದವಳು ಥಿಯಾ ಲಿಂಡಾಲ್, ಇತಿಹಾಸದ ಪದವೀಧರೆ, ಅಪ್ಪನ ಮನೆಯ ಮಹಡಿಯ ಕೋಣೆಗೆ ವಾಪಸು ಬಂದವಳು. ಮೊದಲ ಎಂಟನ್ನು ಯಾರೂ ಓದಿರುವುದಿಲ್ಲ. ಇವತ್ತಿನ ಮಾತೆಲ್ಲ ಒಂಬತ್ತನೆಯದರದು, ಟೆಶ್ ಸೇತುವೆಯದು, ಅಕ್ಟೋಬರಿನಿಂದ ಮುಚ್ಚಿರುವುದು, ಉಳಿಸಬೇಕೋ ಕಿತ್ತು ಗುಜರಿಗೆ ಹಾಕಬೇಕೋ — ಮತ ಹಾಕುವವರು ಮೇಜಿನಾಚೆಯ ಆ ಮೂವರು, ಒಬ್ಬ ಹಲ್ಲು ಚುಚ್ಚಿಕೊಳ್ಳುತ್ತಿದ್ದಾನೆ, ಒಬ್ಬ ಕಿಟಕಿಯಾಚೆ ಹಿಮ ಕರಗಿ ಕೆಸರಾದ ಅಂಗಳ ನೋಡುತ್ತ ತನ್ನ ಬಿತ್ತನೆಯ ಲೆಕ್ಕ ಹಾಕುತ್ತಿದ್ದಾನೆ, ನಡುವಿನವನು ಅಧ್ಯಕ್ಷ ಮರ್ಲ್, ಮಾತಿಗೆ ಮುಂಚೆ ತುಟಿ ನೆಕ್ಕುವವನು. ನೂರಿಪ್ಪತ್ತು ವರ್ಷ ನಿಂತ ಕಬ್ಬಿಣದ ಹಣೆಬರಹ ಇಂಥವರ ಕೈಯಲ್ಲಿ. ಮುಂದಿನ ಸಾಲಿನಲ್ಲಿ ಪರಂಪರೆ ಸಂಘದ ಹೆಂಗಸರು, ಎದೆಗೆ ಸೇತುವೆ ಉಳಿಸಿ ಎಂಬ ಬಿಲ್ಲೆ, ಬಿಲ್ಲೆಯಲ್ಲಿ ಇರುವುದು ಟೆಶ್ ಸೇತುವೆಯೇ ಅಲ್ಲ, ಇನ್ಯಾವುದೋ ಊರಿನ ಹಲಗೆ ಮಾಡಿನ ಮರದ ಸೇತುವೆ, ಯಾರೂ ಗಮನಿಸಿಲ್ಲ, ಥಿಯಾ ಮೊದಲ ದಿನವೇ ಗಮನಿಸಿದ್ದಳು, ಹೇಳಿರಲಿಲ್ಲ, ದಿನಚರಿಯಲ್ಲಿ ಬರೆದು ಒಬ್ಬಳೇ ನಕ್ಕಿದ್ದಳು. ತಗೊಳ್ಳೇ ಹುಡುಗಿ, ಎಷ್ಟು ಸೊರಗಿದೀಯ, ಕಾಲೇಜಲ್ಲಿ ಊಟ ಹಾಕ್ತಿರಲಿಲ್ವಾ — ಸಂಘದ ಡೆಲೋರಿಸ್ ನಿಂಬೆರಸದ ಸಿಹಿ ತುಂಡುಗಳ ತಟ್ಟೆ ಹಿಡಿದು ಬಗ್ಗಿದ್ದಾಳೆ, ಈ ಊರಲ್ಲಿ ಹುಟ್ಟಿದರೂ ಸತ್ತರೂ ಸೇತುವೆ ಮುರಿದರೂ ಅದೇ ತಟ್ಟೆ. ಥ್ಯಾಂಕ್ಸ್, ಬೇಡ. ಅಯ್ಯೋ ಒಂದು ತಗೋ, ನಾಚ್ಕೊಂಡು ನಾಚ್ಕೊಂಡೇ ನೀನು ಉಪವಾಸ ಸಾಯ್ತೀಯ. ತಗೊಂಡಳು. ಯಾವಾಗಲೂ ತಗೊಳ್ಳುತ್ತಾಳೆ. ಒಳಗೆ ಅಷ್ಟು ಉಗಿದು ಹೊರಗೆ ಕೈ ಚಾಚುವವಳು.

ಎಂಜಿನಿಯರ್ ಕರ್ಟಿಸ್ ಎದ್ದಿದ್ದಾನೆ, ಇವನೊಬ್ಬ, ಸೊಂಟದಲ್ಲಿ ಅಳತೆಪಟ್ಟಿ ಇಲ್ಲದೆ ಚರ್ಚಿಗೂ ಹೋಗದವನು, ನೋಡಿ, ವಿಷಯ ಇಷ್ಟೇ, ಹಲಗೆ ಹಾಸಿರೋ ಅಡ್ಡತೊಲೇನ ಮೇಲಿಂದ ತೂಗಿ ಹಿಡ್ಕೊಳ್ಳೋ ಕೊಂಡಿಗಳು ಎಂಟು, ಅದ್ರಲ್ಲಿ ಒಂದು ತುಂಡಾಗಿದೆ. ತಾನಾಗಿ ತುಂಡಾಗಿದ್ರೆ ಉಳಿದ ಏಳನ್ನೂ ನಂಬೋಕಾಗಲ್ಲ, ಕಿತ್ತುಹಾಕೋದೇ. ಯಾರಾದ್ರೂ ಮಿತಿಮೀರಿ ಭಾರ ಹೇರಿ ಮುರಿದಿದ್ರೆ ಆ ಮಾತು ಬೇರೆ, ಒಂದು ಕೊಂಡಿ ಬದಲಾಯಿಸಿದ್ರೆ ಮೇ ತಿಂಗಳಲ್ಲಿ ದಾರಿ ಬಿಡಬಹುದು. ಮರ್ಲ್ ತುಟಿ ನೆಕ್ಕಿದ, ನನ್ನ ಮೊಣಕಾಲೂ ಅಷ್ಟೇ ಹಳೇದು ಕಣಯ್ಯ, ಅದಕ್ಕೂ ಒಂದು ಮತ ಹಾಕಿಬಿಡೋಣವಾ — ನಗು, ಎಲ್ಲರದೂ, ಅಪ್ಪನದೂ, ಅಪ್ಪ ಎಡಗಡೆ ಗೋಡೆಗೆ ಒರಗಿ ನಿಂತಿದ್ದಾನೆ, ಒಗೆದ ಅಂಗಿ ಹಾಕಿ ಬಂದಿದ್ದಾನೆ, ಮಗಳು ವರದಿ ಓದುತ್ತಾಳೆಂದು. ವಯಸ್ಸಾಗಿತ್ತು ಬಿಡಿ, ಎನ್ನುತ್ತಿದ್ದಾನೆ ಅಪ್ಪ, ನಮ್ಮೋರು ಯಾರೂ ಅದರ ಮೇಲೆ ಹೆಚ್ಚು ಹೇರಲ್ಲ, ನಮಗೆಲ್ಲ ಸರಪಳಿ ಗೊತ್ತು. ಗೊತ್ತು. ಎಲ್ಲರಿಗೂ ಗೊತ್ತು. ಎಂಬತ್ತು ಅಡಿ ಸರಪಳಿ, ಸೇತುವೆಗಿಂತ ಹತ್ತಡಿ ಉದ್ದ, ಟ್ರ್ಯಾಕ್ಟರಿನಿಂದ ಬಂಡಿಯನ್ನು ಕಳಚಬೇಕು, ಟ್ರ್ಯಾಕ್ಟರನ್ನು ಖಾಲಿಯಾಗಿ ಆಚೆ ದಾಟಿಸಬೇಕು, ನಡೆದು ವಾಪಸು ಬಂದು ಸರಪಳಿಯನ್ನು ಹಲಗೆಗಳ ಮೇಲೆ ಉದ್ದಕ್ಕೆ ಹಾಸಿ ಬಂಡಿಗೆ ಸಿಕ್ಕಿಸಬೇಕು, ಆಮೇಲೆ ಆಚೆ ದಡದಿಂದ ಮೆಲ್ಲಗೆ ಎಳೆಯಬೇಕು. ಎರಡೂ ಒಟ್ಟಿಗೆ ಮೇಲಿರಬಾರದು ಕಣೇ, ಮುದುಕಿ ಅವಳು, ಒಂದು ಸಲಕ್ಕೆ ಒಬ್ಬರನ್ನೇ ಎತ್ತಿಕೊಳ್ತಾಳೆ, ಎನ್ನುತ್ತಿದ್ದ ಅಪ್ಪ — ಆರು ವರ್ಷದ ಥಿಯಾ ಆಚೆ ದಡದಲ್ಲಿ ನಿಂತು, ಹಿಂದಿನ ಗಾಲಿ ಹಲಗೆ ಬಿಟ್ಟ ಕೂಡಲೇ ಕೈ ಎತ್ತುವ ಕೆಲಸ ಅವಳದು, ಎಷ್ಟು ಹೆಮ್ಮೆ ಆಗ, ಹಲಗೆಗಳು ಒಂದೊಂದಾಗಿ ದಡದಡ ಎನ್ನುವುದು, ಕೆಳಗೆ ಕಂದು ನೀರು. ಇಪ್ಪತ್ತು ನಿಮಿಷದ ಕೆಲಸ.

ಅಕ್ಟೋಬರಿನ ಆ ಮಧ್ಯಾಹ್ನ ಮೋಡ, ಗಾಳಿ, ಬಂಡಿಯ ತುಂಬ ಮುಸುಕಿನ ಜೋಳ, ಅಪ್ಪ ಹಿಂದೆ ಹೊಲದಲ್ಲೇ ಕೊಯ್ಲಿನ ಯಂತ್ರದ ಮೇಲೆ, ಅವಳು ಒಬ್ಬಳೇ ಟ್ರ್ಯಾಕ್ಟರಿನಲ್ಲಿ. ಇಳಿದಿದ್ದಳು, ಸರಪಳಿಗೆ ಕೈ ಹಾಕಿದ್ದಳು ಕೂಡ, ಅಷ್ಟರಲ್ಲಿ ಹಿಂದೆ ಬಂದು ನಿಂತಿತು ಆ ಹಸಿರು ಪಿಕಪ್, ಆರ್ವಿಲ್ ಟೆಶ್, ಈ ಸೇತುವೆಗೆ ಅವನ ಮುತ್ತಜ್ಜನ ಹೆಸರು, ಹೊಳೆಯಾಚೆ ಅವನ ನೂರಿಪ್ಪತ್ತು ಎಕರೆ. ಹಾರನ್ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು, ಸಿಟ್ಟಾದರೂ ಬರುತ್ತಿತ್ತು. ಸ್ಟೀರಿಂಗಿನ ಮೇಲಿದ್ದ ಕೈ ಹಾಗೆಯೇ ಇತ್ತು, ಒಂದು ಬೆರಳು ಮಾತ್ರ ಎದ್ದು ಇಳಿಯಿತು — ಇಲ್ಲಿಯ ಗಂಡಸರು ಒಬ್ಬರಿಗೊಬ್ಬರು ಹೇಳುವ ನಮಸ್ಕಾರ ಅಷ್ಟೇ, ಮದುವೆಗೂ ಒಂದು ಬೆರಳು ಮಣ್ಣಿಗೂ ಒಂದು ಬೆರಳು, ಪೂರಾ ಕೈ ಎತ್ತಿದರೆ ಆಯುಷ್ಯ ಕಡಿಮೆಯಾದೀತು ಎನ್ನುವ ಹಾಗೆ. ಒಂದು ಬೆರಳು. ಬೇಗ ಆಗಲಿ ಎಂದೇ ಅಲ್ಲವೇ, ಇನ್ನೇನು, ಕಾಲೇಜು ಓದಿದವಳಿಗೆ ಸರಪಳಿ ಹಾಕಲು ಬರುತ್ತದೆಯೇ ನೋಡೋಣ ಎಂದೇ ಅಲ್ಲವೇ. ಇಪ್ಪತ್ತು ನಿಮಿಷ ಆ ಬೆರಳಿನ ಮುಂದೆ ಬಗ್ಗುವುದು, ಏಳುವುದು, ನಡೆಯುವುದು, ಬೆನ್ನಿನ ಮೇಲೆ ಅವನ ಕಣ್ಣು — ಆಗಲಿಲ್ಲ ಅವಳಿಂದ. ಸರಪಳಿಯನ್ನು ಟ್ರ್ಯಾಕ್ಟರಿನ ಪೆಟ್ಟಿಗೆಗೆ ಎಸೆದಳು, ಹತ್ತಿದಳು, ಬಂಡಿ ಸಮೇತ ಹೊರಟಳು. ನಡುವಿಗೆ ಬಂದಾಗ ಟಣ್ ಎಂದಿತು. ಚರ್ಚಿನ ಗಂಟೆಗೆ ಒಂದೇ ಒಂದು ಏಟು ಬಿದ್ದ ಹಾಗೆ. ಹಲಗೆ ಒಂದು ಕಡೆ ವಾಲಿತು, ಅವಳು ನಿಲ್ಲಿಸಲಿಲ್ಲ, ಆಚೆ ಸೇರಿದಳು, ತಿರುಗಿ ನೋಡಲಿಲ್ಲ. ದಿನಕ್ಕೆ ಮೂರು ಪುಟ ದಿನಚರಿ ಬರೆಯುವವಳು ಆ ದಿನ ಬರೆದದ್ದು ಎರಡೇ ಮಾತು, ಮೋಡ, ಗಾಳಿ. ವರದಿಯಲ್ಲಿ ಬರೆದದ್ದು ಒಂದೇ, ಕಾರಣ: ವಯಸ್ಸು. ಪುಟ ಹತ್ತು. ಇನ್ನೊಬ್ಬರ ಬಿಲ್ಲೆಯ ತಪ್ಪು ಕಂಡು ನಕ್ಕವಳು.

ಆರ್ವಿಲ್, ನೀನೇನಂತೀಯಪ್ಪ, ನಿಮ್ಮ ಮನೆ ಹೆಸರೇ ಇದೆ ಅದಕ್ಕೆ — ಮರ್ಲ್ ಕೇಳುತ್ತಿದ್ದಾನೆ, ಅವನು ಬಂದಿದ್ದಾನೆಯೇ, ಬಂದಿದ್ದಾನೆ, ಕೊನೆಯ ಸಾಲಿನಲ್ಲಿ, ಈಗ ಹೇಳುತ್ತಾನೆ, ಈಗ, ಕಂಡವನು ಅವನೊಬ್ಬನೇ, ಕಳಕೊಳ್ಳುವವನೂ ಅವನೇ, ಸೇತುವೆ ಹೋದರೆ ಹೊಲಕ್ಕೆ ಹದಿನಾಲ್ಕು ಮೈಲಿ ಸುತ್ತು, ಎಪ್ಪತ್ತು ದಾಟಿದವನು, ಹೇಳಲಿ, ಹೇಳಿಬಿಡಲಿ, ಥಿಯಾಳ ಬಾಯಲ್ಲಿ ನಿಂಬೆಯ ಸಿಹಿ ಮಣ್ಣಾಯಿತು. ಕುರ್ಚಿ ಕಿರುಗುಟ್ಟಿದ ಸದ್ದು. ಹಳೇದಾಗಿತ್ತು, ಎಂದ ಆರ್ವಿಲ್, ಅಷ್ಟೇ. ಅಷ್ಟೇ? ಎಂಥ ಹೇಡಿ, ಎಂಥ ಮೊದ್ದು, ತನ್ನ ದಾರಿಗಾಗಿ ಬಾಯಿ ಬಿಡದವನು — ಇಲ್ಲ, ಅದು ಯಾರಿಗೆ ಹೇಳುವ ಮಾತು, ಯಾರಿಗೆ. ಥಿಯಾ, ಏಳಮ್ಮಾ, ಮರ್ಲ್ ಪುಟ ತಿರುವುತ್ತಿದ್ದಾನೆ, ಓದಿದ್ದಾನೆ ಹಾಗಾದರೆ, ಹತ್ತನೇ ಪುಟದಲ್ಲಿ ವಯಸ್ಸು ಅಂತ ಬರೆದಿದೀಯ, ಇದು ಖಚಿತ ತಾನೆ? ಎದ್ದಳು. ಅಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ. ಡೆಲೋರಿಸ್ ಮಾತಾಡು ಮಾತಾಡು ಎಂಬಂತೆ ತಲೆ ಆಡಿಸಿದಳು, ಬಿಲ್ಲೆಯ ತಪ್ಪು ಸೇತುವೆ ಹೊಳೆಯಿತು. ಬಂಡಿ ನಾನೇ — ನಾಲಗೆಯ ತುದಿಯವರೆಗೂ ಬಂದಿತ್ತು, ಇಷ್ಟು ಮುಖ, ಇಷ್ಟು ಕಣ್ಣು, ಎಲ್ಲರೂ ಕಾಯುತ್ತಿದ್ದಾರೆ, ಎಲ್ಲರೂ ಅವಳಿಗಾಗಿ ಕಾಯುತ್ತಿದ್ದಾರೆ. ಹೌದು, ಎಂದಳು, ಖಚಿತ. ಕೂತಳು. ಅಷ್ಟು ಸುಲಭ. ಕಿತ್ತುಹಾಕಲು ಮೂರು ಕೈ ಮೇಲೆದ್ದವು, ಮೂರು ಕೈ ಇಳಿದವು, ಯಾರೋ ಕಾಫಿಯ ಹಂಡೆಯನ್ನು ಕೊನೆಗೂ ಆರಿಸಿದರು, ಹೆಂಗಸರು ಛೇ ಛೇ ಎಂದರು, ಅಪ್ಪನ ಭಾರದ ಕೈ ಭುಜದ ಮೇಲೆ, ಚೆನ್ನಾಗಿ ಹೇಳ್ದೆ ಮಗಳೇ — ತಿರುಗಬಾರದು ಎಂದುಕೊಂಡು ತಿರುಗಿದಳು. ಆರ್ವಿಲ್ ಇನ್ನೂ ಕೂತಿದ್ದ, ಮೊಣಕಾಲ ಮೇಲೆ ಟೋಪಿ, ಟೋಪಿಯ ಮೇಲೆ ಕೈ, ಮುಖದಲ್ಲಿ ಏನೂ ಇಲ್ಲ, ಸಿಟ್ಟಿಲ್ಲ, ಅವತ್ತೂ ಇರಲಿಲ್ಲ, ಅವತ್ತು ಪಿಕಪ್ಪಿನ ಗಾಜಿನ ಹಿಂದೆಯೂ ಇದೇ ಮುಖ ಇತ್ತು, ನಿಧಾನಕ್ಕೆ ಮಾಡ್ಕೊಳಮ್ಮ, ನನಗೇನೂ ಅವಸರ ಇಲ್ಲ, ಎನ್ನುವ ಮುಖ, ಅಷ್ಟೇ ಅಂದಿದ್ದು ಆ ಬೆರಳು, ಅಷ್ಟೇ, ಮತ್ತು ಈಗ ಟೋಪಿಯ ಮೇಲಿನ ಕೈ ಹಾಗೆಯೇ ಇದೆ, ಒಂದು ಬೆರಳು ಮಾತ್ರ ಏಳುತ್ತಿದೆ, ಒಂದು ಬೆರಳು, ಮಣ್ಣು ಸಿಕ್ಕಿದ ಉಗುರು, ಒಂದೇ ಒಂದು ಬೆರಳು