ಉಸಿರಿನ ತೂತು

ಕಣ್ಣಾರೆ ಕಾಣದ್ದನ್ನು, ಅದೂ ಇನ್ನೊಬ್ಬರ ಮನೆಯ ರಕ್ತದ ಸಂಗತಿಯನ್ನು ಹೇಳಲು ಹೊರಡುವುದು ತಪ್ಪೇ. ಎಮ್ಮಿಗನೂರಿನ ದುರ್ಗಕ್ಕ ಕ್ಷಮಿಸಲಿ. ಅವಳಿಗೆ ಎಲ್ಲಿಯಾದರೂ ಅನ್ಯಾಯವಾಗುವ ಹಾಗೆ ಹೇಳಿದ್ದರೆ ಅದು ನನ್ನ ತಿಳಿವಳಿಕೆಯ ಕೊರತೆ.

ದುರ್ಗಕ್ಕ ಜೋಳದ ರೊಟ್ಟಿ ಬಡಿದು ಹೊಸಪೇಟೆಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಹಿತ್ತಲಿನ ದೊಡ್ಡ ಮಣ್ಣಿನ ಒಲೆ ಜಾಲಿ ಕಟ್ಟಿಗೆಯನ್ನು ಹೊರೆಗಟ್ಟಲೆ ನುಂಗುತ್ತಿತ್ತು. ಅದರ ಕಾವು ಹಂಚಿಗಿಂತ ಅವಳ ಮೊಣಕಾಲಿಗೇ ಹೆಚ್ಚು ತಾಗುತ್ತಿತ್ತು. ಹೊಗೆ ಕುಡಿದು ಕುಡಿದು ಎದೆ ಗೊರಗುಟ್ಟುತ್ತಿತ್ತು. ಅಕ್ಕನ ಕೆಮ್ಮು ಕೇಳಲಾರದೆ ತಮ್ಮ ಗಾದಿಲಿಂಗ ಒಂದು ಉಪಾಯ ಮಾಡಿದ. ಅವನು ವಡ್ಡು ಎಂಬ ಊರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸದವನು. ಹಳೆಯ ಒಲೆಯ ಬಾಯೊಳಗೆ ಸರಿಯಾಗಿ ಕೂರುವಂಥ ಕಬ್ಬಿಣದ ಪೆಟ್ಟಿಗೆ ಮಾಡಿ ತಂದ. ಎರಡು ಪದರದ ತಗಡು, ಒಳಗೆ ಜಾಲರಿ, ಹಿಂದೆ ಹೊಗೆ ಹೋಗಲು ಕೊಳವೆ. ಅರ್ಧ ಕಟ್ಟಿಗೆಯಲ್ಲಿ ಪೂರಾ ಕಾವು ಬರುತ್ತದೆ ಎಂದು ಹೇಳಿ, ಕೂರಿಸಿ, ಶಿಫ್ಟಿಗೆ ತಡವಾಯಿತೆಂದು ಚಹಾ ಕೂಡ ಕುಡಿಯದೆ ಹೋದ.

ಹೊಸ ಒಲೆಯನ್ನು ಸಾರಿಸದೆ ಹಚ್ಚುವ ರೂಢಿ ಆ ಮನೆಯಲ್ಲಿರಲಿಲ್ಲ. ಬರೀ ಕಬ್ಬಿಣಕ್ಕೆ ಬೆಂಕಿ ಇಡುವುದು ಕುಲುಮೆಯಲ್ಲಿ, ಅಡಿಗೆಮನೆಯಲ್ಲಲ್ಲ ಎಂದು ದುರ್ಗಕ್ಕನ ಅತ್ತೆ ಇದ್ದಾಗ ಹೇಳುತ್ತಿದ್ದಳು. ದುರ್ಗಕ್ಕ ಕೆಮ್ಮಣ್ಣು, ಸಗಣಿ ಕಲಸಿ ಪೆಟ್ಟಿಗೆಯನ್ನು ಹೊರಗೆಳೆದು ಒಳಗೂ ಹೊರಗೂ ಅಡಿಗೂ ಬಳಿದಳು, ಸುಣ್ಣದ ಗೆರೆ ಎಳೆದಳು. ಒಣಗಿದ ಮೇಲೆ ಮತ್ತೆ ಕೂರಿಸಿ ಬೆಂಕಿ ಹಾಕಿದಳು. ಬೆಂಕಿ ಬುಸುಗುಟ್ಟಿತು. ಇಂಥ ಉರಿಯನ್ನು ಅವಳು ಕಂಡೇ ಇರಲಿಲ್ಲ. ಮಗಳು ಸಂಘಮಿತ್ರಾಳನ್ನು ಕೂಗಿ, ಬಂದು ನೋಡು ಅಂದಳು.

ಮಗಳು ಬಗ್ಗಿದಳು. ಪೆಟ್ಟಿಗೆ ಸಿಡಿಯಿತು.

ತಗಡಿನ ಚೂರು ಹುಡುಗಿಯ ಕೆನ್ನೆಯನ್ನು ಕಿವಿಯಿಂದ ತುಟಿಯವರೆಗೆ ಸೀಳಿತು. ಹಲ್ಲು ಹೊರಗಿನಿಂದಲೇ ಕಾಣುತ್ತಿತ್ತು. ಕಣ್ಣು ಉಳಿದದ್ದೇ ಪುಣ್ಯ ಎಂದರು ಬಳ್ಳಾರಿಯ ಆಸ್ಪತ್ರೆಯಲ್ಲಿ.

ಉಚ್ಚೆಂಗೆಪ್ಪ, ದುರ್ಗಕ್ಕನ ಗಂಡ, ಕಬ್ಬಿನ ಲಾರಿಗೆ ಲೋಡು ಹಾಕುವವನು. ಕೈ ಮೊದಲು, ಮಾತು ಆಮೇಲೆ. ಆಸ್ಪತ್ರೆಯಿಂದ ಬಂದವನೇ ಪೆಟ್ಟಿಗೆಯ ತುಂಡುಗಳನ್ನು ಸುತ್ತಿಗೆಯಿಂದ ಜಜ್ಜಿ, ಚೀಲಕ್ಕೆ ತುಂಬಿ ಕಾಲುವೆಗೆ ಎಸೆದ. ಕೊಳವೆಯನ್ನು ಮಾತ್ರ ಇಟ್ಟುಕೊಂಡ. ಯಾಕೆಂದು ದುರ್ಗಕ್ಕನಿಗೆ ತಿಳಿದಿತ್ತು.

ಹೊಲಿಗೆ ಹಾಕಿಸಿಕೊಂಡು ಮಗಳು ಮನೆಗೆ ಬಂದ ಮಧ್ಯಾಹ್ನವೇ ಗಾದಿಲಿಂಗ ಬಂದ. ಫ್ಯಾಕ್ಟರಿಯ ಬೂಟು ಹೊಸ್ತಿಲ ಹೊರಗೆ ಬಿಟ್ಟು, ಅಕ್ಕನ ಮಗಳ ಮುಖ ನೋಡಿ ಗೋಡೆ ಹಿಡಿದು ನಿಂತ. ಉಚ್ಚೆಂಗೆಪ್ಪ ಎದ್ದು ಕದದ ಅಗುಳಿ ಹಾಕಿದ.

ಮೊದಲ ಏಟು ಬೆನ್ನಿಗೆ, ಎರಡನೆಯದು ಮೊಣಕೈಗೆ. ಎಲುಬು ಮುರಿದ ಸದ್ದು ಹಸಿ ಕಬ್ಬು ಮುರಿದ ಹಾಗೆ ಕೇಳಿಸಿತು. ಗಾದಿಲಿಂಗ ಕೈ ಎತ್ತಲಿಲ್ಲ, ಕೂಗಲಿಲ್ಲ. ನೆಲಕ್ಕೆ ಬಿದ್ದು ಒಂದೇ ಮಾತು ಹೇಳಿದ.

"ಮಾವ, ಕೆಳಗ ಉಸಿರಾಡಾಕ ತೂತು ಬಿಟ್ಟಿದ್ನಿ. ಎರಡು ತಗಡಿನ ನಡುವಿನ ಗಾಳಿ ಕಾದ್ರ ಹೊರಗ ಹೋಗ್ಲಿ ಅಂತ."

"ಯಾವ ತೂತಲೇ? ನನ್ನ ಮಗಳ ಮಕದಾಗ ಬಿದ್ದೈತಲ್ಲ, ಅದಾ?"

ಮುಂದಿನ ಏಟು ತಲೆಗೆ. ರಕ್ತ ಗಾದಿಲಿಂಗನ ಕಣ್ಣಿಗಿಳಿಯಿತು. ಹೊರಗೆ ಪಕ್ಕದ ಮನೆಯ ಹುಲುಗಪ್ಪ ಕದ ಬಡಿಯುತ್ತಿದ್ದ. ಇನ್ನೊಂದು ಬಿದ್ದರೆ ತಮ್ಮ ಏಳುವುದಿಲ್ಲ ಎಂದು ದುರ್ಗಕ್ಕನಿಗೆ ಖಾತ್ರಿಯಾಯಿತು. ಗಂಡ ಕೊಳವೆ ಮೇಲೆತ್ತಿದ್ದ.

"ತೂತಿತ್ತು," ಅಂದಳು. "ನಾನು ಸಾರಿಸಿ ಮುಚ್ಚೀನಿ. ಹೊಡೆಯೋದಿದ್ರ ನನ್ನ ಹೊಡಿ."

ಹೊಡೆದ. ಅವಳ ಹೆಗಲ ಮೂಳೆ ಒಳಗೆ ಹೋಯಿತು. ಅವಳು ರೊಟ್ಟಿಯ ಹಲಗೆಯ ಮೇಲೆ ಬಿದ್ದಳು, ಹಿಟ್ಟು ಎದ್ದು ಮನೆ ತುಂಬಿತು. ಅವನು ಮತ್ತೆ ಎತ್ತಿದ. ಆಗ ಚಾಪೆಯ ಮೇಲಿದ್ದ ಸಂಘಮಿತ್ರಾ ಎದ್ದು ಬಂದು ಕೊಳವೆಯ ತುದಿ ಹಿಡಿದಳು. ಬಾಯಿ ತೆರೆಯಬಾರದು ಎಂದು ಡಾಕ್ಟರು ಹೇಳಿದ್ದರು. ತೆರೆದಳು. ಹೊಲಿಗೆ ಬಿಚ್ಚಿ ರಕ್ತ ಗದ್ದದಿಂದ ತೊಟ್ಟಿಕ್ಕಿತು.

"ಅಪ್ಪ, ಇನ್ನ ಯಾರ್ಯಾರಿಗೆ ಹೊಲಿಗಿ ಹಾಕಸ್ತಿ?"

ಉಚ್ಚೆಂಗೆಪ್ಪನ ಕೈ ಇಳಿಯಿತು. ಅವನು ಮಗಳ ಗದ್ದಕ್ಕೆ ಅಂಗೈ ಒಡ್ಡಿದ, ಸೋರುವ ಹಾಲನ್ನು ಹಿಡಿಯುವವನ ಹಾಗೆ. ಅವಳೇ ಹೋಗಿ ಅಗುಳಿ ತೆಗೆದಳು.

ಈಗ ದುರ್ಗಕ್ಕ ಹಳೆಯ ಒಲೆಯ ಮೇಲೆಯೇ ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅದೇ ಹೊಗೆ, ಅದೇ ಕೆಮ್ಮು. ಗಾದಿಲಿಂಗನ ಮೊಣಕೈ ನೆಟ್ಟಗಾಗಲಿಲ್ಲ. ವೆಲ್ಡಿಂಗ್ ಬಿಡಿಸಿ ಅವನನ್ನು ಗೇಟು ಕಾಯಲು ಹಾಕಿದ್ದಾರೆ. ಗಂಡ ಅವಳೊಡನೆ ಮಾತಾಡುವುದಿಲ್ಲ, ಕೈಯನ್ನೂ ಎತ್ತುವುದಿಲ್ಲ. ಮಗಳ ಮುಖ ಕೆಡಿಸಿದವಳು ಎಂದು ಊರು ಅವಳನ್ನೇ ಆಡಿಕೊಳ್ಳುತ್ತದೆ. ಅವಳು ಅಲ್ಲಗಳೆದಿಲ್ಲ.

ಆದರೆ ಸಾರಿಸುವಾಗ ಬೆರಳಿಗೆ ತೂತು ಸಿಕ್ಕಿದ ನೆನಪು ಅವಳಿಗಿಲ್ಲ. ವೆಲ್ಡಿಂಗಿನ ಒರಟು ಗೆರೆ ಚುಚ್ಚಿದ್ದು ನೆನಪಿದೆ, ಅಷ್ಟೇ. ತಮ್ಮ ರಾತ್ರಿಪಾಳಿ ಮುಗಿಸಿ, ಕಣ್ಣು ಎಳೆಯುತ್ತಿರುವಾಗ ಕೂತು ಅದನ್ನು ಮಾಡಿದ್ದ. ತೂತು ಕೊರೆದಿದ್ದನೋ, ಕೊರೆಯಬೇಕೆಂದುಕೊಂಡು ಮರೆತಿದ್ದನೋ? ಅವಳು ಕೇಳಿಲ್ಲ, ಅವನು ಹೇಳಿಲ್ಲ. ಪೆಟ್ಟಿಗೆ ಕಾಲುವೆಯಲ್ಲಿ ಹೋಯಿತು. ತೂತು ಇತ್ತೋ ಇಲ್ಲವೋ ನನಗೂ ಗೊತ್ತಿಲ್ಲ.