ಕೆಂಚ ಓಡಿಹೋಗಿರಲಿಲ್ಲ

ರಾಜಾಜಿನಗರದ ರೇವಣಸಿದ್ದಪ್ಪನವರಿಗೆ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು: "ಬಿ.ಪಿ. ಜಾಸ್ತಿ ಇದೆ. ಮಾತ್ರೆ ತಪ್ಪಿಸ್ಬೇಡಿ, ದಿನಾ ನಡೀರಿ." ಮಾತ್ರೆಯನ್ನೇನೋ ನುಂಗುತ್ತಿದ್ದರು. ನಡೆಯುವುದು ಮಾತ್ರ ಬೇಡ. ಮಿಲ್ಲಿನ ಕೆಲಸದಿಂದ ನಿವೃತ್ತರಾದ ಮೇಲೆ ಆ ಮನುಷ್ಯ ಈಸಿಚೇರಿಗೆ ಅಂಟಿಕೊಂಡು ಕೂತುಬಿಟ್ಟಿದ್ದರು. ಹೆಂಡತಿ ಶಿವಗಂಗಮ್ಮನಿಗೆ ಹೇಳಿ ಹೇಳಿ ಬಾಯಿ ನೋವು ಬಂತು. "ಏಳ್ತೀನಿ ಇರೇ" ಎಂದು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಾರು, ನೋಡಿಕೊಳ್ಳಿ.

ಅವರನ್ನು ಎಬ್ಬಿಸಿದ್ದು ಒಂದು ಬೀದಿನಾಯಿ. ಮನೆ ಮುಂದಿನ ಮೋರಿಗೆ ಬಿದ್ದು ಕುಂಯ್‌ಗುಡುತ್ತಿದ್ದ ಕೆಂದು ಬಣ್ಣದ ಮರಿಯನ್ನು ಅವರೇ ಎತ್ತಿ ತಂದು ಕೆಂಚ ಎಂದು ಹೆಸರಿಟ್ಟರು. ಬೆಳಗಾದರೆ ಕೆಂಚ ಬಾಗಿಲು ಕೆರೆಯುತ್ತಿತ್ತು. ಡಾಕ್ಟರ ಮಾತಿಗೆ ಬಗ್ಗದವರು ನಾಯಿಯ ಹಟಕ್ಕೆ ಬಗ್ಗಿದರು! ಮಾಗಡಿ ರೋಡಿನವರೆಗೆ ಹೋಗಿ ಬರುವುದು ಅಭ್ಯಾಸವಾಯಿತು. ದಾರಿಯಲ್ಲಿ ನಾಲ್ಕು ಜನ ಮಾತಿಗೆ ಸಿಕ್ಕರು. ಪಕ್ಕದ ಮನೆಯ ನರ್ಸ್ ಲಕ್ಷ್ಮಿದೇವಮ್ಮ ಬಿ.ಪಿ. ನೋಡಿ, "ಪರವಾಗಿಲ್ವೇ, ಇಳೀತಾ ಇದೆ" ಎಂದಳು.

ಶಿವಗಂಗಮ್ಮನಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಲಿಂಗಪೂಜೆ ಮಾಡುವ ಮನೆಯಲ್ಲಿ ನಾಯಿಯೇ? ಅಷ್ಟರಲ್ಲಿ ಚಿತ್ರದುರ್ಗದ ಕಡೆಯ ಅವರ ಊರಿನ ಮಠದ ಸ್ವಾಮಿಗಳು ಪಾದಪೂಜೆಗೆ ಬರುವುದು ಗೊತ್ತಾಯಿತು. ಸ್ವಾಮಿಗಳು ಹೊಸಿಲು ತುಳಿಯದೆ ಹಿಂತಿರುಗಿದಂತೆ, ನೆಂಟರೆಲ್ಲ ಗುಸುಗುಸು ಮಾತಾಡಿದಂತೆ ಅವಳಿಗೆ ಕೂತಲ್ಲಿ ನಿಂತಲ್ಲಿ ಕಾಣತೊಡಗಿತು.

ಗಂಡ ನೆಂಟರನ್ನು ಕರೆಯಲು ಹೋದ ಹೊತ್ತು ನೋಡಿ, ಆಗಿನ್ನೂ ಹಳ್ಳಿಯಾಗಿದ್ದ ನಾಗರಬಾವಿಯಿಂದ ಸೈಕಲ್ಲಿನಲ್ಲಿ ಸೊಪ್ಪು ತರುವ ಅಂಜಿನಯ್ಯನನ್ನು ಕರೆದಳು.

"ಇದನ್ನ ಚೀಲಕ್ಕೆ ಹಾಕ್ಕೊಂಡು ಹೋಗಿ ನಿಮ್ಮೂರಲ್ಲಿ ಬಿಟ್ಬಿಡಪ್ಪ."

"ಪಾಪ ಅಲ್ವಾ ಅಮ್ಮಾವ್ರೇ?"

"ಹೊಲ ತೋಟ ಇದೆ, ಬದುಕ್ಕೊಳ್ಳುತ್ತೆ. ಬೇಗ ಹೊರಡು."

ಕೆಂಚ ಗೋಣಿಚೀಲದೊಳಗಿಂದ ಅಳುತ್ತಿತ್ತು. ಅವಳು ಅಡುಗೆಮನೆಗೆ ಹೋಗಿ ಬೇಕಿಲ್ಲದಿದ್ದರೂ ಪಾತ್ರೆ ತೊಳೆಯುತ್ತ ನಿಂತಳು. ಗಂಡ ಬಂದಾಗ, "ಗೇಟು ತೆಗೆದಿತ್ತು, ಓಡಿಹೋಯ್ತು" ಎಂದಳು. ರೇವಣಸಿದ್ದಪ್ಪನವರು ಸಂಜೆಯೆಲ್ಲ ಗಲ್ಲಿಗಲ್ಲಿ ಕೂಗುತ್ತ ಹುಡುಕಿ ಬಂದರು. ಮರುದಿನದಿಂದ ಮತ್ತೆ ಈಸಿಚೇರು.

ಪಾದಪೂಜೆ ಚೆನ್ನಾಗಿಯೇ ನಡೆಯಿತು. ಪ್ರಸಾದ ಮುಗಿಸಿದ ಸ್ವಾಮಿಗಳು ಒಂದು ಹೋಳಿಗೆ ತೆಗೆದಿಟ್ಟು, "ಮನೇಲಿ ನಾಯಿ ಸಾಕಿದೀರಂತೆ. ಇದನ್ನ ಅದಕ್ಕೆ ಹಾಕಿ" ಎಂದರು.

"ಓಡಿಹೋಯ್ತು ಬುದ್ಧಿ" ಎಂದರು ರೇವಣಸಿದ್ದಪ್ಪ, ಆ ಹೋಳಿಗೆಯನ್ನೇ ನೋಡುತ್ತ.

ಶಿವಗಂಗಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಯಾರಿಗಾಗಿ ಹೆದರಿ ಆ ಕೆಲಸ ಮಾಡಿದಳೋ ಅವರೇ ನಾಯಿಯನ್ನು ನೆನೆದಿದ್ದರು. ಆಗಲೂ ಬಾಯಿ ಬಿಡಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಜನ ಹೋದ ಮೇಲೂ ಹೇಳಲಿಲ್ಲ.

ಸ್ವಲ್ಪ ದಿನಕ್ಕೆ ರೇವಣಸಿದ್ದಪ್ಪನವರಿಗೆ ಬಚ್ಚಲಲ್ಲಿ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುವಂತಾಯಿತು. ಲಕ್ಷ್ಮಿದೇವಮ್ಮ ಓಡಿಬಂದು ಬಿ.ಪಿ. ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು ಕೇಳಿದಳು, "ಗಂಗಕ್ಕ, ಮತ್ತೆ ಏರಿದೆ. ಡಾಕ್ಟರಿಗೆ ಇವತ್ತೇ ತೋರಿಸ್ಬೇಕು. ಅಣ್ಣೋರು ನಡೆಯೋದು ಯಾಕೆ ಬಿಟ್ರು?"

ಶಿವಗಂಗಮ್ಮ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ, ತನ್ನನ್ನು ತಾನೇ ಸಮರ್ಥಿಸಿಕೊಳ್ಳಲೂ ನೋಡಿದಳು. "ಅಲ್ಲ ಕಣೇ, ಬೀದಿನಾಯಿ ಒಂದು ಹೋದ್ರೆ ಇಷ್ಟೆಲ್ಲಾ ಆಗುತ್ತಾ? ರೋಗ ರುಜಿನ ತರುತ್ತೆ ಅಂತಾರಲ್ಲ?"

"ಚುಚ್ಚುಮದ್ದು ಹಾಕಿಸಿ, ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳ್ಕೊಂಡ್ರೆ ಯಾಕಕ್ಕ ಹೆದರ್ಬೇಕು? ನಾಯಿ ಅಂದ್ರೆ ಮಾತ್ರೆ ಅಲ್ಲ, ಮಾತ್ರೆ ಬಿಡೋ ಹಾಗಿಲ್ಲ. ಆದ್ರೆ ಅದು ಮನುಷ್ಯನ್ನ ಎಬ್ಬಿಸುತ್ತೆ, ನಡೆಸುತ್ತೆ. ತಲೆ ಸವರ್ತಾ ಕೂತ್ರೆ ಮನಸ್ಸಿನ ಭಾರ ಇಳಿಯುತ್ತೆ. ಕೆಲ್ಸ ಬಿಟ್ಟೋರಿಗೆ, ನನಗಾಗಿ ಕಾಯೋ ಜೀವ ಒಂದಿದೆ ಅನ್ನೋದು ಸಣ್ಣ ವಿಷಯ ಅಲ್ಲ."

"ಈಗೇನು ಮಾಡ್ಲೇ?"

"ನನಗೆ ಹೇಳಿದ್ದನ್ನ ಅಣ್ಣೋರಿಗೆ ಹೇಳಿ."

ಡಾಕ್ಟರು ಮಾತ್ರೆ ಬದಲಾಯಿಸಿದರು, ಎರಡು ದಿನ ಮಲಗಿರಲು ಹೇಳಿದರು. ತಲೆಸುತ್ತು ನಿಂತ ಮೇಲೆ ಶಿವಗಂಗಮ್ಮ ಗಂಡನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ರೀ, ಕೆಂಚ ಓಡಿಹೋಗಿಲ್ಲ. ನಾನೇ ಚೀಲಕ್ಕೆ ಹಾಕ್ಸಿ ಕಳಿಸ್ದೆ."

ಅವರು ಕೂಗಾಡಲಿಲ್ಲ. "ಚೀಲದಲ್ಲಾ?" ಎಂದರು, ಅಷ್ಟೇ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. ಆಮೇಲೆ ಎದ್ದು ಚಪ್ಪಲಿ ಹುಡುಕಿದರು.

ಇಬ್ಬರೂ ಆಟೋ ಹಿಡಿದು ನಾಗರಬಾವಿಗೆ ಹೋದರು. ಬಿಟ್ಟು ಹೋಗಲು ಮನಸ್ಸು ಬಾರದೆ ಅಂಜಿನಯ್ಯ ಕೆಂಚನನ್ನು ತನ್ನ ಅಂಗಳದಲ್ಲೇ ಕಟ್ಟಿಕೊಂಡಿದ್ದ. ಸೊರಗಿಹೋಗಿದ್ದ ನಾಯಿ ಯಜಮಾನರನ್ನು ಕಂಡು ಹಗ್ಗ ಕಿತ್ತುಹೋಗುವಂತೆ ಕುಣಿಯಿತು. ಶಿವಗಂಗಮ್ಮನನ್ನು ಕಂಡದ್ದೇ ಬಾಲ ಮುದುರಿ ಅವರ ಕಾಲಿನ ಹಿಂದೆ ಸೇರಿಕೊಂಡಿತು. "ಬಾರೋ ಕೆಂಚ" ಎಂದು ಕೈ ಚಾಚಿದಳು. ಬರಲಿಲ್ಲ. ಅಂಜಿನಯ್ಯ ಬೇರೆ ಕಡೆ ನೋಡಿದ. ಅವಳಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಆವತ್ತಿನಿಂದ ದೇವರಮನೆಯೊಂದು ಬಿಟ್ಟು ಕೆಂಚನಿಗೆ ಮನೆಯೆಲ್ಲ ತೆರೆಯಿತು. ಅವಳೇ ದನದಾಸ್ಪತ್ರೆಗೆ ಕರೆದುಕೊಂಡು ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದಳು, ಜಂತುಹುಳಕ್ಕೆ ಔಷಧಿ ತಂದಳು, ಕಾರ್ಪೊರೇಷನ್ ಲೈಸೆನ್ಸಿನ ಬಿಲ್ಲೆ ಕೊರಳಿಗೆ ಕಟ್ಟಿದಳು. ಬೆಳಗಿನ ವಾಕಿಂಗಿಗೆ ತಾನೂ ಹೊರಟಳು. ಕೆಂಚ ಮಾತ್ರ ಯಜಮಾನರ ಆಚೆ ಬದಿಯಲ್ಲೇ ನಡೆಯುತ್ತಿತ್ತು. ರೇವಣಸಿದ್ದಪ್ಪನವರ ಬಿ.ಪಿ. ಹತೋಟಿಗೆ ಬಂತು. ಹೆಂಡತಿಯ ಜೊತೆಗಿನ ಮಾತೂ ಮೆಲ್ಲಗೆ ಹಳೆಯ ದಾರಿಗೆ ಬಂತು. ನಾಯಿಯದು ಇನ್ನೂ ತಡವಾಯಿತು.

ಒಂದು ಬೆಳಿಗ್ಗೆ ಮಾಗಡಿ ರೋಡಿನಲ್ಲಿ ಲಾರಿಯೊಂದು ಹತ್ತಿರದಲ್ಲೇ ಹಾರನ್ ಬಾರಿಸಿತು. ಬೆಚ್ಚಿದ ಕೆಂಚ ಹಾರಿ ಶಿವಗಂಗಮ್ಮನ ಕಾಲಿಗೆ ಒತ್ತಿಕೊಂಡಿತು. ಅವಳು ರಸ್ತೆ ಪಕ್ಕದಲ್ಲೇ ಕುಕ್ಕರಿಸಿ ಅದನ್ನು ತಬ್ಬಿಕೊಂಡು ಅತ್ತುಬಿಟ್ಟಳು.

"ಏಳೇ, ಜನ ನೋಡ್ತಾರೆ" ಎಂದರು ಗಂಡ.

"ನೋಡ್ಲಿ ಬಿಡಿ" ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಯಲ್ಲಿ ಕೂತು ಕೂತು ಮಂಕಾದವರಿದ್ದರೆ ಒಂದು ನಾಯಿಯನ್ನೋ ಬೆಕ್ಕನ್ನೋ ಸಾಕುವ ಯೋಚನೆ ಮಾಡಿ. ಚುಚ್ಚುಮದ್ದು ಹಾಕಿಸಿ, ಅದರ ಜಾಗ ಚೊಕ್ಕಟವಾಗಿಡಿ, ಕೈ ತೊಳೆಯಿರಿ, ಡಾಕ್ಟರ ಮಾತ್ರೆ ಮುಂದುವರಿಸಿ. ಮೊದಲು ಮನೆಯವರೆಲ್ಲ ಕೂತು ಮಾತಾಡಿ ಒಪ್ಪಿಕೊಳ್ಳಿ. ಸಾಕಲು ಆಗದಿದ್ದರೆ ತರಲೇಬೇಡಿ. ತಂದ ಮೇಲೆ, ಯಾರು ಏನೇ ಅಂದುಕೊಳ್ಳಲಿ, ಕೈಬಿಡಬೇಡಿ.